ಚಾಯಕ್ಕೆ ಬೇಡ, ಚರ್ಚೆ ಮಾಡಿ

ಗುರುವಾಯನಕೆರೆಯಲ್ಲಿ ನಾನು ಬೈಕ್ ರಿಪೇರಿ ಮಾಡುತ್ತೇನೆ. ಹೀಗೆಂದರೆ ಹೆಚ್ಚಿನವರು ಮತ್ತೊಮ್ಮೆ ಕೇಳುತ್ತಾರೆ. "ನೀವಾ, ನಿಮ್ಮ ಗಂಡನಾ?" ಗಂಡ ನನಗಿಲ್ಲ, ಇರಬೇಕಿತ್ತು ಅಂತ ಅನ್ನಿಸಿಯೂ ಇಲ್ಲ. ಗ್ಯಾರೇಜು ಅಣ್ಣನದು. ಕಾಲೇಜಿಗೆ ಹೋಗುತ್ತಿದ್ದ ಕಾಲದಿಂದ ಅವನ ಜೊತೆ ಸ್ಪ್ಯಾನರ್ ಹಿಡಿದು ಕಲಿತವಳು ನಾನು. ಅವನು ದುಬೈಯ ವರ್ಕ್‌ಶಾಪ್ ಒಂದಕ್ಕೆ ಹೋದಾಗ ಶಟರಿನ ಬೀಗದ ಕೈ ನನ್ನ ಪಾಲಿಗೆ ಬಂತು.

ಗಿರಾಕಿಗಳೂ ಬಂದರು, ಬರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಪಂಕ್ಚರಿಗೆ ಬಂದರು, ಆಯಿಲ್ ಬದಲಿಸಲು ಬಂದರು, ಬ್ರೇಕ್ ಟೈಟು ಮಾಡಿಸಲು ಬಂದರು. ಇಂಜಿನ್ ಬಿಚ್ಚುವ ಕೆಲಸವಿದ್ದರೆ ಮಾತ್ರ ಬೈಕು ನನ್ನ ಎದುರಿನಿಂದಲೇ ಕೆಮ್ಮುತ್ತಾ ಬೆಳ್ತಂಗಡಿಯ ಗ್ಯಾರೇಜಿಗೆ ಹೋಗುತ್ತಿತ್ತು. ಮೊದಲು ಅಣ್ಣನ ಕೈಯಲ್ಲಿದ್ದ ಬೈಕುಗಳೇ ಅವು. ಅವುಗಳಲ್ಲಿ ಎಷ್ಟೋ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಕೈ ನನ್ನದು, ಬಿಲ್ಲು ಬರೆದ ಕೈ ಮಾತ್ರ ಅಣ್ಣನದು.

ಇಂಜಿನ್ ಕೆಲಸವಿಲ್ಲದಿದ್ದರೆ ಗ್ಯಾರೇಜಿನ ಬಾಡಿಗೆ ಹುಟ್ಟುವುದಿಲ್ಲ. ಅಣ್ಣ ಫೋನಿನಲ್ಲಿ ರಾಗ ತೆಗೆದ.

"ಮೊಬೈಲ್ ಅಂಗಡಿಗೆ ಒಬ್ರು ಜಾಗ ಕೇಳ್ತಾ ಇದ್ದಾರೆ. ಮಳೆ ಶುರುವಾಗುವವರೆಗೆ ನೋಡುವ. ಆಗದಿದ್ರೆ ಬಿಟ್ಟುಕೊಡುವ."

"ಆಮೇಲೆ ನಾನೆಂತ ಮಾಡುವುದು?"

"ನಿನಗೆ ಮನೆಯಲ್ಲಿ ಕೆಲಸ ಇಲ್ವಾ?"

ಅವನ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅದಕ್ಕೇ ನನಗೆ ಮೈ ಉರಿದದ್ದು.

ಇದರ ನಡುವೆ ಚಾಯದ ಕಾಟ ಬೇರೆ. ನಮ್ಮ ಕಡೆ ಟಿಪ್ಸ್ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಚಾಯಕ್ಕೆ ಇಟ್ಕೊಳ್ಳಿ" ಅನ್ನುತ್ತಾರೆ. ಮೆಕ್ಯಾನಿಕ್ಕಿನ ಕೈ ಸದಾ ಗ್ರೀಸಿನಲ್ಲಿರುತ್ತದೆ. ಹಾಗಾಗಿ ಗಂಡಸರಿಗಾದರೆ ನೋಟನ್ನು ಅಂಗಿಯ ಕಿಸೆಗೆ ತುರುಕುತ್ತಾರೆ. ನನ್ನ ಚೂಡಿದಾರಕ್ಕೆ ಕಿಸೆಯಿಲ್ಲ. ಅವರು ಅತ್ತಿತ್ತ ನೋಡಿ, ನೋಟನ್ನು ಟೂಲ್ ಬಾಕ್ಸಿನ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಸ್ಪ್ಯಾನರ್ ಹೇರಿ, ಕಾಣಿಕೆ ಡಬ್ಬಿಗೆ ಹಾಕಿದವರ ಮುಖ ಮಾಡಿಕೊಂಡು ಹೊರಡುತ್ತಿದ್ದರು. ಕೆಲವರು "ಪಾಪ, ಹೆಂಗಸು" ಎಂಬ ಮಾತನ್ನೂ ಅದರ ಜೊತೆಗೇ ಇಟ್ಟು ಹೋಗುತ್ತಿದ್ದರು.

ನಾನು ಪಾಪ ಅಲ್ಲ. ನಾನು ಮೆಕ್ಯಾನಿಕ್.

ಮೊದಮೊದಲು ಈ ನೋಟುಗಳು ಯಾಕೆ ಇಷ್ಟು ಚುಚ್ಚುತ್ತವೆಂದು ನನಗೇ ಸರಿಯಾಗಿ ತಿಳಿಯಲಿಲ್ಲ. ತಿಳಿದದ್ದು ಒಂದು ಶಬ್ದದಿಂದ. ನಮ್ಮಲ್ಲಿ ಚೌಕಾಸಿಗೆ ಚರ್ಚೆ ಅನ್ನುತ್ತಾರೆ. ಮೀನಿಗೆ ಚರ್ಚೆ ಉಂಟು, ಸೀರೆಗೆ ಚರ್ಚೆ ಉಂಟು, ಆಟೋ ಬಾಡಿಗೆಗೂ ಉಂಟು. ಅಣ್ಣನ ಜೊತೆ ಜನ ಮಜೂರಿಯ ವಿಷಯದಲ್ಲಿ ಗಂಟಲು ಒಣಗುವವರೆಗೆ ಚರ್ಚೆ ಮಾಡುತ್ತಿದ್ದರು. ಕಳ್ಳ ಅನ್ನುತ್ತಿದ್ದರು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅನ್ನುತ್ತಿದ್ದರು, ಮುಂದಿನ ಸಲವೂ ಅಲ್ಲಿಗೇ ಬರುತ್ತಿದ್ದರು. ನನ್ನ ಹತ್ತಿರ ಒಬ್ಬರೂ ಚರ್ಚೆ ಮಾಡಲಿಲ್ಲ. ಕೇಳಿದ್ದನ್ನು ಕೊಟ್ಟು, ಮೇಲೊಂದು ನೋಟಿಟ್ಟು ನಡೆದುಬಿಡುತ್ತಿದ್ದರು. ಚರ್ಚೆ ಮಾಡಬೇಕಾದರೆ ಎದುರಿಗಿರುವವರಿಗೆ ಕಸುಬು ಗೊತ್ತು, ಅದಕ್ಕೊಂದು ದರ ಉಂಟು ಎಂದು ಮೊದಲು ಒಪ್ಪಬೇಕು. ನನ್ನ ವಿಷಯದಲ್ಲಿ ಅಷ್ಟನ್ನೂ ಒಪ್ಪಿರಲಿಲ್ಲ.

ಹಾಗಾದರೆ ಯಾರಿಗೂ ಕೊಡಬಾರದೇ ಎಂದು ಕೇಳುವವರಿದ್ದಾರೆ. ನಾನು ಕೊಡುತ್ತೇನೆ. ಗ್ಯಾಸ್ ಸಿಲಿಂಡರ್ ಹೊತ್ತು ನಮ್ಮ ಮನೆಯ ಏರು ಹತ್ತಿ ಬರುವವನಿಗೆ ಕೊಡುತ್ತೇನೆ, ಅಮ್ಮ ಬಂಟ್ವಾಳದ ಆಸ್ಪತ್ರೆಯಲ್ಲಿದ್ದಾಗ ಅವಳ ಮೈ ಒರೆಸಿದ ಆಯಾಳಿಗೂ ಕೊಟ್ಟಿದ್ದೇನೆ. ಅವರ ಸಂಬಳವನ್ನು ಇನ್ಯಾರೋ ಎಲ್ಲೋ ಕೂತು ನಿಗದಿ ಮಾಡುತ್ತಾರೆ, ಹಾಗೆ ನಿಗದಿ ಮಾಡುವವರ ಜೊತೆ ಚರ್ಚೆ ಮಾಡುವ ದಾರಿಯೇ ನನಗಿಲ್ಲ. ಆದರೆ ಕೆಲಸ ಕೊಡಬೇಕಾದಲ್ಲಿ ಕೆಲಸ ಕೊಡದೆ ಚಾಯದ ದುಡ್ಡು ಕೊಡುತ್ತಾರಲ್ಲ, ಅದನ್ನು ಉದಾರತನ ಅಂತ ಕರೆಯಲು ನಾನು ತಯಾರಿಲ್ಲ. ಬಾಯಿ ಮುಚ್ಚಿಸುವ ದುಡ್ಡು ಅದು.

ಈ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾಗಿ ಬಂದದ್ದು ಒಬ್ಬ ಬ್ಯಾಂಕಿನ ಅಧಿಕಾರಿಗೆ. ಸಭ್ಯ ಮನುಷ್ಯ, ನನ್ನ ಹತ್ತಿರ ಆಯಿಲ್ ಬದಲಿಸಿಕೊಂಡು ಹೋಗುತ್ತಿದ್ದರು. ಅಂದು ಅವರ ಬೈಕಿನ ಇಂಜಿನ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದ್ದು ಕಂಡಿತು. ಎಲ್ಲಿ ಮಾಡಿಸಿದಿರಿ ಎಂದೆ. ಬೆಳ್ತಂಗಡಿ ಎಂದರು. ಹೊರಡುವಾಗ ಎಂದಿನಂತೆ ನೋಟಿಟ್ಟು ಸ್ಪ್ಯಾನರ್ ಹೇರಿದರು. ನಾನು ಕೈ ಒರೆಸಿಕೊಂಡು ನೋಟನ್ನೆತ್ತಿ ಅವರ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟೆ.

"ಇಂಜಿನ್ ಅಲ್ಲಿಗೆ, ಚಾಯ ಇಲ್ಲಿಗೆ. ಇದು ಹೇಗೆ ಸರ್?"

"ಖುಷಿಯಲ್ಲಿ ಕೊಟ್ಟದ್ದು. ಬೇಡ ಅನ್ನಬಾರದು."

"ಚಾಯ ಕುಡಿಯುವಷ್ಟು ದುಡ್ಡು ನನ್ನ ಹತ್ತಿರ ಉಂಟು. ಮುಂದಿನ ಸಲ ಇಂಜಿನ್ ತನ್ನಿ, ಮಜೂರಿ ಜಾಸ್ತಿ ಆಯ್ತು ಅಂತ ಜಗಳ ಮಾಡಿ. ನನಗೂ ಖುಷಿಯಾಗ್ತದೆ."

"ಇಷ್ಟು ಅಹಂಕಾರ ಒಳ್ಳೇದಲ್ಲ" ಎಂದು ಅವರು ನೋಟು ತೆಗೆದುಕೊಂಡು ಹೊರಟರು. ಮತ್ತೆ ಬರಲಿಲ್ಲ. ಅಹಂಕಾರವೇ ಇರಬಹುದು. ಗಂಡಸರಿಗೆ ಇದ್ದರೆ ಅದನ್ನು ಸ್ವಾಭಿಮಾನ ಅನ್ನುತ್ತಾರೆ, ನಮಗೆ ಬಂದಾಗ ಅದರ ಹೆಸರು ಬದಲಾಗುತ್ತದೆ. ಆದರೂ ಇದ್ದ ಗಿರಾಕಿಯನ್ನೂ ಓಡಿಸಿದೆನಲ್ಲ ಎಂದು ಆ ಮಧ್ಯಾಹ್ನ ಊಟ ಬಿಟ್ಟು ಬಾಡಿಗೆಯ ಲೆಕ್ಕ ಹಾಕುತ್ತಾ ಕೂತೆ. ಮಳೆ ದೂರವಿರಲಿಲ್ಲ.

ಆ ಜಗಳ ನಡೆಯುವಾಗ ಪಂಕ್ಚರಿಗೆಂದು ಬಂದು ಬೆಂಚಿನಲ್ಲಿ ಕೂತಿದ್ದವರು ಒಬ್ಬ ಮೀನಿನ ವ್ಯಾಪಾರಿ ಸಾಹೇಬರು. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ, ಹಾರ್ನ್ ಹೊಡೆಯುತ್ತಾ ಊರೂರು ತಿರುಗುವವರು. ಅಂದು ಪಂಕ್ಚರಿನ ದುಡ್ಡು ಕೊಟ್ಟು ಹೋದರು. ವಾರ ಕಳೆಯುವುದರೊಳಗೆ ಬೈಕನ್ನು ತಳ್ಳಿಕೊಂಡೇ ಬಂದರು. ಸೈಲೆನ್ಸರಿನಿಂದ ಕೆಲವು ದಿನಗಳಿಂದ ನೀಲಿ ಹೊಗೆ ಬರುತ್ತಿತ್ತಂತೆ, ಈಗ ಏರಿನಲ್ಲಿ ನಿಂತೇಬಿಟ್ಟಿತ್ತು.

"ಅಕ್ಕ, ನಿಮಗೆ ಇಂಜಿನ್ ಬಿಚ್ಚಲಿಕ್ಕೆ ಗೊತ್ತುಂಟಾ?"

"ಗೊತ್ತುಂಟು."

"ಪುನಃ ಜೋಡಿಸ್ಲಿಕ್ಕೆ?"

"ಅದೂ ಗೊತ್ತುಂಟು ಸಾಹೇಬ್ರೆ."

ಬೆಳ್ತಂಗಡಿಯವರೆಗೆ ತಳ್ಳಲು ಅವರಿಗೆ ಮನಸ್ಸಿರಲಿಲ್ಲ ಎಂಬುದು ನಿಜ. ನನ್ನ ಮೇಲಿನ ನಂಬಿಕೆಗಿಂತ ಆ ಏರಿನ ಭಯವೇ ದೊಡ್ಡದಿತ್ತು. ಇರಲಿ. ಇಂಜಿನ್ ಬಿಚ್ಚಿದೆ. ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನಲ್ಲಿ ಗೀರು ಬಿದ್ದಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಮೂಡುಬಿದಿರೆಗೆ ಒಯ್ದು, ಲೇಥಿನಲ್ಲಿ ಗೀರು ಹೋಗುವಂತೆ ಬೋರ್ ಮಾಡಿಸಿ ತಂದೆ. ಹೊಸ ಪಿಸ್ಟನ್ ಕೂರಿಸಿ ಕಿಕ್ ಹೊಡೆದಾಗ ಇಂಜಿನ್ ಹಿಡಿಯಿತು. ಹೊಗೆಯಿಲ್ಲ. ಸಾಹೇಬರು ಬಗ್ಗಿ ಸೈಲೆನ್ಸರಿಗೆ ಕೈ ಹಿಡಿದು ನೋಡಿದರು, ಕಿವಿ ಕೊಟ್ಟು ಕೇಳಿದರು, ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಕೊನೆಗೆ ಬಿಲ್ಲು ನೋಡಿ ಹಣೆಗೆ ಕೈ ಹಚ್ಚಿದರು.

"ಇದೆಂತ ಮಾರಾಯ್ತಿ, ಬೆಳ್ತಂಗಡಿಯಲ್ಲಿ ಇದರ ಅರ್ಧಕ್ಕೆ ಮಾಡಿಕೊಡ್ತಾರೆ."

ಅಕ್ಕ ಹೋಗಿ ಮಾರಾಯ್ತಿ ಬಂದಿತ್ತು. ನಾನೂ ಸ್ಪ್ಯಾನರ್ ಕೆಳಗಿಟ್ಟೆ.

"ಹಾಗಾದ್ರೆ ಅಲ್ಲಿಗೇ ತಳ್ಳಿಕೊಂಡು ಹೋಗ್ಬೇಕಿತ್ತು."

"ಮಜೂರಿ ಇಷ್ಟು ಹಾಕಿದ್ದೀಯಲ್ಲ, ಎಂತ ಅಂಥಾ ಕೆಲಸ?"

"ಸಿಲಿಂಡರ್ ಹೊತ್ತುಕೊಂಡು ಮೂಡುಬಿದಿರೆಗೆ ಹೋದದ್ದು ಯಾರು?"

"ಹೊತ್ತದ್ದು ಬಸ್ಸು. ನೀನು ಕೂತದ್ದು."

"ನಿಂತದ್ದು. ಸೀಟು ಸಿಗ್ಲಿಲ್ಲ."

ಬದಿಯ ಅಂಗಡಿಯವರು ಹೊರಗೆ ಬಂದು ನೋಡತೊಡಗಿದರು. ಸಾಹೇಬರು ಲೇಥಿನವನನ್ನು ಬೈದರು, ಪಿಸ್ಟನ್ ಕಂಪೆನಿಯನ್ನು ಬೈದರು, ನನ್ನನ್ನು ದರೋಡೆಗಾರ್ತಿ ಎಂದರು. ಮಜೂರಿಯಲ್ಲಿ ಸ್ವಲ್ಪ ಬಿಟ್ಟರೆ ಬಂಗುಡೆ ಮೀನು ಕೊಡುತ್ತೇನೆಂದರು. ಬಂಗುಡೆಗೆ ಬೇರೆ ದುಡ್ಡು ಕೊಡುತ್ತೇನೆ, ಅದಕ್ಕೂ ಚರ್ಚೆ ಮಾಡಿಯೇ ಕೊಡುತ್ತೇನೆ ಎಂದೆ. ನಾನು ಒಂದು ಪೈಸೆ ಬಿಡಲಿಲ್ಲ. ಅವರು ಗೊಣಗುತ್ತಾ ಪೂರ್ತಿ ದುಡ್ಡು ನನ್ನ ಕೈಗೆ ಕೊಟ್ಟರು. ಕೈಯ ಗ್ರೀಸು ಅವರ ಬೆರಳಿಗೂ ಹತ್ತಿತು. ಚಾಯಕ್ಕೆಂದು ಒಂದು ಬಿಡಿಗಾಸೂ ಇಡಲಿಲ್ಲ. ಅವರು ಹೋದ ಮೇಲೆ ಒಳಗೆ ಹೋಗಿ ಟೈರುಗಳ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಸಂತೋಷಕ್ಕೆ ಅತ್ತೆ, ಹೇಳಲು ನಾಚಿಕೆಯೇನಿಲ್ಲ.

ಆಮೇಲೆ ಅವರು ಮೀನು ಮಾರುತ್ತಾ ಹೋದಲ್ಲೆಲ್ಲ ನನ್ನ ಮೇಲೆ ದೂರು ಹೇಳಿದರು. ಗುರುವಾಯನಕೆರೆಯಲ್ಲಿ ಒಬ್ಬಳು ಮೆಕ್ಯಾನಿಕ್ ಇದ್ದಾಳೆ, ಇಂಜಿನ್ ಕೆಲಸ ಪರವಾಗಿಲ್ಲ, ಆದರೆ ಮಜೂರಿಯಲ್ಲಿ ಜೀವ ತೆಗೆಯುತ್ತಾಳೆ ಎಂದು. ಇಂಥ ಜಾಹೀರಾತನ್ನು ದುಡ್ಡು ಕೊಟ್ಟರೂ ಯಾರೂ ಮಾಡಿಕೊಡುತ್ತಿರಲಿಲ್ಲ. ಇಂಜಿನ್ ಕೆಲಸಕ್ಕೆ ಮೊದಲು ಒಂದು ಹಳೆಯ ಸ್ಕೂಟರ್ ಬಂತು, ಆಮೇಲೆ ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬರ ಬೈಕು. ಇಬ್ಬರೂ ಜಗಳಕ್ಕೆ ತಯಾರಾಗಿಯೇ ಬಂದಿದ್ದರು.

ಮೊದಲ ಮಳೆ ಬಿದ್ದ ದಿನ ಅಣ್ಣನ ಫೋನು ಬಂತು. ನಾನು ಮೊಣಕೈಯವರೆಗೆ ಆಯಿಲಿನಲ್ಲಿದ್ದೆ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡೆ.

"ಮೊಬೈಲ್ ಅಂಗಡಿಯವರು ಇವತ್ತೇ ಹೇಳಿ ಅಂತಾರೆ. ಅವರಿಗೆ ಎಂತ ಹೇಳುವುದು?"

"ಬೇರೆ ಕಡೆ ಜಾಗ ನೋಡ್ಲಿಕ್ಕೆ ಹೇಳು. ಇಲ್ಲಿ ಎರಡು ಇಂಜಿನ್ ಬಿಚ್ಚಿ ಹಾಕಿದ್ದೇನೆ, ಕಾಲಿಡ್ಲಿಕ್ಕೆ ಜಾಗ ಇಲ್ಲ."