ಬೆನ್ನೂ ಹೊಳೆಯುತ್ತಿದ್ದ ಕಲ್ಲುಗಳು

ಯಾರಾದರೂ ಹಳೆಯ ವಸ್ತುವೊಂದನ್ನು ಕೈಗೆತ್ತಿಕೊಂಡು "ಎಷ್ಟು ಚೆನ್ನಾಗಿ ಹೊಳೆಯುತ್ತದೆ!" ಎಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಆಗ ನಾನು ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಸಂಡೂರು ರಸ್ತೆಯ ಒಂದು ಪುರಾತತ್ವ ಕಚೇರಿಗೆ ಹೋಗುತ್ತಿದ್ದೆ. ಸುತ್ತಲಿನ ಗುಡ್ಡಗಳಲ್ಲಿ ಸಿಕ್ಕ ಕಲ್ಲಿನ ಅಲಗುಗಳು ಅಲ್ಲಿ ಮೇಜಿನ ಮೇಲಿದ್ದವು. ಲೋಹ ಬರುವ ಮೊದಲಿನ ಜನ ಮಾಡಿಕೊಂಡ, ಬೆರಳುದ್ದದ ಉಪಕರಣಗಳು. ಮೈಕ್ರೋಸ್ಕೋಪಿನಲ್ಲಿ ಅವುಗಳ ಅಂಚಿನ ಸವೆತ ನೋಡಿ, ಹುಲ್ಲು ಕೊಯ್ದವೋ ಚರ್ಮ ಹೆರೆದವೋ ಎಂದು ಹೇಳುವುದು ನನ್ನ ಕೆಲಸ.

ಹೊರಗೆ ಅದಿರಿನ ಲಾರಿಗಳು. ಕಿಟಕಿ ಮುಚ್ಚಿದರೂ ಸಂಜೆಯೊಳಗೆ ಕಲ್ಲು, ಕಾಗದ, ಟಿಫನ್ ಡಬ್ಬಿ ಎಲ್ಲವೂ ಕೆಂಪು. ಆ ಧೂಳು ಕಂಡರೆ ನನಗೆ ಆಗುತ್ತಿರಲಿಲ್ಲ. "ಕಲ್ಲುಗಳನ್ನು ದಿನಾ ಒದ್ದೆ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ ಒರೆಸಬೇಕು" ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಕಚೇರಿ ಗುಡಿಸಿ ಒರೆಸುತ್ತಿದ್ದ ಯಶವಂತನಗರದ ಅಕ್ಕ ಅದನ್ನು ಓದಿ, "ನೀರಾಗ ಜಾಲಿಸಿದ್ರ ಸಾಕಲ್ರಿ, ಮೇಡಮ್ಮಾರ?" ಎಂದರು.

"ಬರೆದಷ್ಟು ಮಾಡ್ರಿ."

ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ಅಲಗುಗಳ ಅಂಚಿನಲ್ಲಿ ನನಗೆ ನುಣುಪಾದ ಹೊಳಪು ಕಂಡಿತು. ಹುಲ್ಲು ಕೊಯ್ದು ಕೊಯ್ದು ಬರುವಂಥದೇ ಹೊಳಪು. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ವರದಿ ಬರೆದೆ. ಕಚೇರಿಯ ಸಾಹೇಬರು "ಕೊಯ್ಲಿನ ಅಲಗುಗಳು" ಎಂದು ಬೋರ್ಡು ಬರೆಸಿದರು.

ಒಂದು ಮಧ್ಯಾಹ್ನ ಕೈತಪ್ಪಿ ಒಂದು ಅಲಗು ಮೈಕ್ರೋಸ್ಕೋಪಿನಡಿ ಮಗುಚಿ ಕೂತಿತು. ಹಾಗೆಯೇ ನೋಡಿದೆ. ಅದರ ಮೊಂಡು ಬೆನ್ನೂ ಅಷ್ಟೇ ಹೊಳೆಯುತ್ತಿತ್ತು. ಬೆನ್ನಿನಿಂದ ಹುಲ್ಲು ಕೊಯ್ಯುವ ಪುಣ್ಯಾತ್ಮ ಯಾರು? ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಎಲ್ಲವುಗಳ ಬೆನ್ನೂ ಹೊಳೆಯುತ್ತಿತ್ತು.

ನಾನು ಅಕ್ಕನ ಮೇಲೆ ಹರಿಹಾಯ್ದೆ. "ಏನು ಹಾಕಿ ತಿಕ್ಕಿದ್ರಿ? ನನ್ನ ಕೆಲಸ ಎಲ್ಲ ಹಾಳು ಮಾಡಿದ್ರಿ!"

"ಬರೇ ನೀರು, ಬಟ್ಟೆ. ನೀವ ಬರದೀರಲ್ರಿ," ಎಂದು ಅವರು ಗೋಡೆ ತೋರಿಸಿದರು.

ಅದನ್ನು ಕೇಳಿ ನನ್ನ ಸಿಟ್ಟು ಇನ್ನೂ ಏರಿತು. ಸಾಹೇಬರ ಬಳಿ ಹೋಗಿ, ಈ ಹೆಂಗಸು ಬೇಡ ಎಂದೆ. ಮರುದಿನದಿಂದ ಅವರಿಗೆ ಕೆಲಸ ಇಲ್ಲವಾಯಿತು.

ಬರೀ ನೀರು, ಬಟ್ಟೆಯಿಂದ ಹೊಳಪು ಬಾರದೆಂದು ತೋರಿಸಿ ಅವರ ತಪ್ಪನ್ನು ಸಾಬೀತು ಮಾಡಿಯೇ ತೀರುತ್ತೇನೆಂದು ಅದೇ ಬಗೆಯ ಕಲ್ಲಿನಿಂದ ಹೊಸ ಚಕ್ಕೆಯೊಂದನ್ನು ಒಡೆದೆ. ಸಂಜೆಯವರೆಗೆ ಧೂಳು ಕೂರಲು ಬಿಟ್ಟು, ನನ್ನ ಕೈಯಾರೆ, ಗೋಡೆಯ ಮೇಲೆ ಬರೆದಂತೆಯೇ ತಿಕ್ಕಿ ಒರೆಸಿದೆ. ಹೀಗೆ ಮಳೆಗಾಲ ಬರುವ ತನಕ ದಿನಾ ಮಾಡಿದೆ. ಆಮೇಲೆ ಮೈಕ್ರೋಸ್ಕೋಪಿನಡಿ ಇಟ್ಟೆ. ಏನನ್ನೂ ಕೊಯ್ಯದ ಚಕ್ಕೆ ಅದೇ ಹೊಳಪು ಹೊಳೆಯುತ್ತಿತ್ತು. ಅದಿರಿನ ನುಣ್ಣನೆ ಧೂಳು ನೀರು ಸೇರಿ ಪಾಲಿಶ್ ಪುಡಿಯಾಗಿತ್ತು. ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿದಿದ್ದ ಸವೆತವನ್ನು ನನ್ನ ಒಂದು ಚೀಟಿ ಅಳಿಸಿಹಾಕಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಸಾಹೇಬರಿಗೆ ಹೇಳಿದರೆ ಅವರು ತಲೆಯನ್ನೇ ಎತ್ತಲಿಲ್ಲ. "ಬೋರ್ಡು ಹಂಗ ಇರ್ಲಿ. ಯಾರರ ಕೇಳಿದ್ರ ಆಕಿ ಕೆಡಿಸಿದ್ಲು ಅನ್ರಿ, ಮುಗೀತು."

ಮುಗಿಯಿತಂತೆ! ಬೋರ್ಡನ್ನು ನಾನೇ ಕಳಚಿದೆ. ವರದಿ ತಪ್ಪು, ತಪ್ಪು ನನ್ನದು, ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಬರೆದು ಅವರ ಮೇಜಿನ ಮೇಲೆ ಕುಕ್ಕಿದೆ. ಸಾಹೇಬರು ಗೊಣಗುತ್ತಲೇ ಸಹಿ ಹಾಕಿದರು.

ಯಶವಂತನಗರದಲ್ಲಿ ಅಕ್ಕ ಬಾಗಿಲಲ್ಲಿ ಕೂತು ಹಿತ್ತಾಳೆ ಚೆಂಬು ತಿಕ್ಕುತ್ತಿದ್ದರು. ಹುಣಸೆಹಣ್ಣಿನ ಜೊತೆ ಅದೇ ಕೆಂಪು ಧೂಳು. ಚೆಂಬು ಥಳಥಳ ಎನ್ನುತ್ತಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ.

ಅವರು ಚೆಂಬಿಗೆ ನೀರು ಸುರಿದು ಬದಿಗಿಟ್ಟರು. "ಬರ್ತೀನ್ರಿ," ಎಂದರು. "ಆದ್ರ ಈಗ ಬಾಯ್ಲೆ ಹೇಳಿದ್ದನ್ನ ಒಂದು ಹಾಳ್ಯಾಗ ಬರದು ಕೊಡ್ರಿ. ಗೋಡಿ ಮ್ಯಾಲಿನ ಆ ಚೀಟಿ ಬಾಜೂಕ ಅಂಟಿಸ್ತೀನಿ."

ಅಷ್ಟೇ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.