ಸಿಗ್ನಲ್‌ವರೆಗಿನ ಬೆಲ್ಟು

ಕಾರಿನಲ್ಲಿ ಮಕ್ಕಳಿಗೆಂದೇ ಒಂದು ಬೇರೆ ಕುರ್ಚಿ ಇರಬೇಕು ಎಂಬ ಕಾನೂನು ಮೊದಲಿನಿಂದಲೂ ನನಗೆ ವೈಯಕ್ತಿಕ ಅವಮಾನದಂತೆ ಕಾಣುತ್ತಿತ್ತು. ದೇವರು ಅಜ್ಜಿಯರಿಗೆ ಮಡಿಲು ಕೊಟ್ಟಿರುವುದು ಮತ್ತೇತಕ್ಕೆ? ಇಷ್ಟಗಲದ ಮಡಿಲನ್ನು ಖಾಲಿ ಬಿಟ್ಟು ಮಗುವನ್ನು ಪ್ಲಾಸ್ಟಿಕ್ ಕುರ್ಚಿಗೆ ಬಿಗಿಯಿರಿ ಎಂದರೆ ಹೇಗೆ ಹೇಳಿ.

ಆದರೂ ಮಗಳು ವೀಣಾ ಒಂದು ಕುರ್ಚಿ ತಂದಳು. ನಾನು ದಾವಣಗೆರೆ ಬಿಟ್ಟು ದೊಡ್ಡನೆಕ್ಕುಂದಿಯ ಅವಳ ಫ್ಲಾಟಿಗೆ ಬಂದ ಮೇಲೆ ನಮ್ಮಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಂದು ಒಪ್ಪಂದವಾಯಿತು. ಕಾರು ಗೇಟು ದಾಟಿದ ಕೂಡಲೇ ಮೂರು ವರ್ಷದ ಮೊಮ್ಮಗಳು ಚಿನ್ನು ನನ್ನ ಮಡಿಲಿಗೆ. ರಿಂಗ್ ರೋಡಿನ ಸಿಗ್ನಲ್ ಬಂದಾಗ ವೀಣಾ, "ಅಮ್ಮಾ, ಪೊಲೀಸ್ ಇದಾರೆ" ಎನ್ನುತ್ತಾಳೆ. ಚಿನ್ನು ಕುರ್ಚಿಗೆ, ಬೆಲ್ಟು ಟಕ್ಕೆಂದು ಬೀಳುತ್ತದೆ. ಸಿಗ್ನಲ್ ದಾಟಿದರೆ ಮತ್ತೆ ಮಡಿಲು. ನೆಂಟರು ಬಂದಾಗ ಹಾಸಿ, ಹೋದ ಮೇಲೆ ಮಡಚಿಡುವ ಜಮಖಾನೆಯಂತೆ ಇತ್ತು ನಮ್ಮ ಕಾನೂನುಪಾಲನೆ.

ಮಗು ಬೇಗ ಕಲಿಯಿತು. ಖಾಕಿ ಕಂಡರೆ ಸಾಕು, ತಾನೇ ಕುರ್ಚಿ ಹತ್ತುತ್ತಿದ್ದಳು. ಒಮ್ಮೆ ಖಾಕಿ ಅಂಗಿಯ ಆಟೋದವನಿಗೂ ಅದೇ ಮರ್ಯಾದೆ ಸಿಕ್ಕಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಕಳೆದ ತಿಂಗಳು ಮಾಕಳಿಯ ಬೀಗರ ಮನೆಗೆ ಹೊರಟಿದ್ದೆವು. ಸಿಗ್ನಲ್‌ನಲ್ಲಿ ಪೊಲೀಸಮ್ಮ ಕಿಟಕಿಗೆ ಬಗ್ಗಿ ಹಿಂದಿನ ಸೀಟು ನೋಡಿದಳು. ಚಿನ್ನು ಬೆಲ್ಟಿನೊಳಗೆ ಗುಮ್ಮನೆ ಕೂತಿದ್ದಳು.

"ಎಲ್ರೂ ನಿಮ್ ಥರಾನೇ ಇದ್ರೆ ನಾವು ಬಿಸಿಲಲ್ಲಿ ನಿಂತ್ಕೊಳ್ಳೋದೇ ಬೇಕಿರ್ಲಿಲ್ಲ ನೋಡಿ ಅಜ್ಜಿ" ಎಂದಳು.

ನಾನು ದೊಡ್ಡ ಮನುಷ್ಯಳಂತೆ ತಲೆಯಾಡಿಸಿದೆ. ಹಸಿರು ದೀಪ ಬಿತ್ತು. ಚಿನ್ನು ಮಡಿಲಿಗೆ ಬಂದಳು.

ಸ್ವಲ್ಪ ಮುಂದೆ ನೀರಿನ ಟ್ಯಾಂಕರೊಂದು ಗಕ್ಕನೆ ನಿಂತಿತು. ವೀಣಾ ಬ್ರೇಕ್ ಒತ್ತಿದಳು. ಮನೆತುಂಬ ಮಕ್ಕಳನ್ನು ಎತ್ತಿ ಆಡಿಸಿದ ಕೈಗಳಿವು ಎಂದು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ ನಾನು. ಆ ಕೈಗಳಿಂದಲೇ ಮಗು ಜಾರಿ, ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿದುಕೊಂಡಿತು. ಗಟ್ಟಿಯಾಗಿ ಹಿಡಿದಿದ್ದೆ. ನಿಜವಾಗಿಯೂ ಹಿಡಿದಿದ್ದೆ. ಒಂದು ಬುಗುಟಿನಲ್ಲಿ ಮುಗಿಯಿತು, ಶಿವ ದೊಡ್ಡವನು. ವೀಣಾ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು.

ಎದೆಯ ಮೇಲಿನ ಲಿಂಗ ಎಲ್ಲಿ ಜಾರಿಬಿಡುತ್ತದೋ ಎಂದು ದಿನವೂ ಶಿವದಾರದ ಗಂಟು ಎಳೆದು ನೋಡುವವಳು ನಾನು. ಅದಕ್ಕೆ ಯಾವ ಪೊಲೀಸರೂ ಬೇಕಾಗಿರಲಿಲ್ಲ.

ಅತ್ತು ಸುಸ್ತಾದವಳನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಹಾಕಿದೆ. ನನ್ನದನ್ನೂ ಎಳೆದು ಸಿಕ್ಕಿಸಿಕೊಂಡೆ. ಅವಳು ಕಿಟಕಿಯ ಆಚೆ ಹುಡುಕಿ ನೋಡಿದಳು.

"ಪೊಲೀಸ್ ಇಲ್ಲ ಅಜ್ಜಿ."

"ಇಲ್ಲವ್ವ. ಆದ್ರೂ ಕೂತ್ಕೋ."

ಅವಳಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ, ಬೆಲ್ಟು ಇರುವುದೇ ಪೊಲೀಸರಿಗಾಗಿ ಎಂದು ಕಲಿಸಿದವರು ನಾವಲ್ಲವೇ? ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ನಾನು ಎತ್ತಿಕೊಳ್ಳಲಿಲ್ಲ. ಆಗ ನನ್ನನ್ನು ಒಂದು ಥರ ನೋಡಿದಳು. ತಡೆದು ನಿಲ್ಲಿಸಿದ ಪೊಲೀಸರನ್ನು ಕಾರಿನವರು ನೋಡುತ್ತಾರಲ್ಲ, ಹಾಗೆ. ಮೊಮ್ಮಗಳಿಂದ ಯಾವ ಅಜ್ಜಿಗೂ ಬೇಡವಾದ ನೋಟ ಅದು. ಮಾಕಳಿ ಬರುವವರೆಗೂ ಅವಳು ಹಾಗೆಯೇ ನೋಡುತ್ತಿದ್ದಳು, ನಾನು ನೋಡಿಸಿಕೊಳ್ಳುತ್ತ ಕೂತಿದ್ದೆ.