ಬೆನ್ನಚೀಲದ ಮರಿಗಳು

ಐದನೆಯ ತಿಂಗಳಲ್ಲಿ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ ಡಾಕ್ಟರು, ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಬೇಡಿ ಎಂದರು. ಹಿಮಾಯತ್‌ನಗರದ ಮೂರನೆಯ ಮಹಡಿಯ ಕೋಣೆಯಲ್ಲಿ ಮಲಗಿದೆ. ಗಂಡ ಬೆಳಿಗ್ಗೆ ಮಾದಾಪುರದ ಆಫೀಸಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅತ್ತೆ. ಬಚ್ಚಲಿಗೆ ಹೋಗಲೂ ಅವರನ್ನು ಕರೆಯಬೇಕಿತ್ತು. ಕೆಳಗಿನ ಬೀದಿಯ ಹಾರ್ನುಗಳೆಲ್ಲ ಕೇಳುತ್ತಿದ್ದವು. ಬೀದಿ ಮಾತ್ರ ಕಾಣುತ್ತಿರಲಿಲ್ಲ.

ನಾನು ವಿಜ್ಞಾನದ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಒಂದು ಮಧ್ಯಾಹ್ನ, ಪ್ರಾಣಿಶಾಸ್ತ್ರ ಕಲಿಸುವ ಮೇಡಂ ಒಬ್ಬರು ಚಿತ್ರ ಬರೆಸಲೆಂದು ಗಾಜಿನ ಜಾಡಿ ತಂದರು. ಸ್ಪಿರಿಟ್ಟಿನಲ್ಲಿ ಆಳಸಮುದ್ರದ ನಕ್ಷತ್ರಮೀನು. ಅದರ ಬೆನ್ನಿನ ಮೇಲೆ ಇನ್ನೊಂದು ಪದರ ತೆಳು ಚರ್ಮ, ಡೇರೆಯಂತೆ. ಒಂದು ಕಡೆ ಹರಿದಿತ್ತು. ಒಳಗೆ ಸಾಸಿವೆಗಿಂತ ತುಸು ದೊಡ್ಡ ಮರಿಗಳು, ಒಂದೊಂದಕ್ಕೂ ಐದು ಮೊಂಡು ತೋಳು.

"ಬ್ಯಾರೆ ನಕ್ಷತ್ರಮೀನು ಭಾಳಷ್ಟು ತತ್ತಿ ನೀರಿಗೆ ಬಿಟ್ಟುಬಿಡ್ತಾವ. ಇದು ಮರಿ ಪೂರಾ ಆಗೂತನಕ ಮೈಯಾಗ ಇಟ್ಕೋತೈತಿ," ಎಂದರು ಮೇಡಂ.

"ಆಮ್ಯಾಲೆ ಹೆಂಗ ಹೊರಗ ಬರ್ತಾವ್ರಿ?" ಎಂದು ಕೇಳಿದೆ.

"ಅಷ್ಟು ಆಳದಾಗ ಕಣ್ಣಾರೆ ನೋಡಿದವರು ಯಾರದಾರ?"

ಅವರು ಹೋದದ್ದೇ ತಡ, ಅತ್ತೆ ಜಾಡಿ ಎತ್ತಿಕೊಂಡರು. "ಬಸುರಿ ಮುಂದ ಸತ್ತದ್ದು ಇಡಬಾರದು," ಎಂದು ಬಾಲ್ಕನಿಗೆ ಒಯ್ದಿಟ್ಟು ಬಾಗಿಲು ಹಾಕಿದರು. ಹತ್ತು ಹೆಜ್ಜೆ ದೂರ. ನಾನು ಎದ್ದು ಹೋಗುವಂತಿರಲಿಲ್ಲ. ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದೆ.

ನಾಲ್ಕನೆಯ ದಿನ ಅಳು ತಡೆಯಲಾಗಲಿಲ್ಲ. "ಅತ್ತೀ, ನಾ ಇಲ್ಲಿ ಜೈಲಿನಾಗ ಅದೀನ್ರಿ!" ಎಂದು ಕೂಗಿಬಿಟ್ಟೆ.

ಅತ್ತೆ ಹೋಗಿ ಜಾಡಿ ತಂದರು. ಮಂಚದ ಅಂಚಿನಲ್ಲಿ ಕೂತು, ನನ್ನ ಭೂತಗನ್ನಡಿ ಹಿಡಿದು ಆ ಮರಿಗಳನ್ನು ಬಹಳ ಹೊತ್ತು ನೋಡಿದರು.

"ನನ್ನ ಮೊದಲನೇದು ಆರು ತಿಂಗಳಿಗೆ ಹೋತು," ಎಂದರು. "ನೀರಿನ ಕೊಡ ಹೊತ್ಕೊಂಡು ಮೆಟ್ಟಲ ಹತ್ತಾಕತ್ತಿದ್ದೆ. ಮಲ್ಕೋ ಅಂತ ಒಬ್ಬರೂ ಅನ್ನಲಿಲ್ಲ."

ತಮ್ಮ ಮಗನಿಗೂ ಅವರು ಇದನ್ನು ಹೇಳಿರಲಿಲ್ಲ.

ಮರುದಿನದಿಂದ ಅವರು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು, ನಾನು ದಿಂಬಿಗೆ ಒರಗಿ ಬರೆಯುತ್ತಿದ್ದೆ. ಹಾಗಂತ ಕೋಣೆ ದೊಡ್ಡದಾಗಲಿಲ್ಲ. ಕಾಲು ನೆಲಕ್ಕೆ ತಾಗಿದರೆ ಸಾಕು, ಅಡುಗೆಮನೆಯಿಂದಲೇ ಗದರುತ್ತಿದ್ದರು. ಎಷ್ಟೋ ಸಲ ಎದ್ದು ಓಡಿಬಿಡಬೇಕು ಅನ್ನಿಸಿ, ಹೊಟ್ಟೆ ಹಿಡಿದುಕೊಂಡು ಹಾಗೇ ಮಲಗಿದ್ದೆ.

ಎಂಟು ತಿಂಗಳು ತುಂಬಿದ ಮೇಲೆ ಹೊಲಿಗೆ ಬಿಚ್ಚಿಸಲು ಹೊರಟೆವು. ಕಾಲಿಗೆ ನಡೆಯುವುದೇ ಮರೆತುಹೋಗಿತ್ತು. ಅತ್ತೆಯ ತೋಳು ಹಿಡಿದು, ಮಹಡಿಗೊಮ್ಮೆ ಕೂತು ಇಳಿದೆ. ವಾರದೊಳಗೆ ಮಗಳು ಹುಟ್ಟಿದಳು. ನರ್ಸು ಕೂಸನ್ನು ಮೊದಲು ಅತ್ತೆಯ ಕೈಗೆ ಕೊಟ್ಟಳು. ನಾನು ಕೇಳಿದರೂ ಅವರು ಬೇಗ ಕೊಡಲಿಲ್ಲ.